ಮೂಳೆಗೆ ಮೈ ತುಂಬಿಸುವುದು ಹೇಗೆ?

ಪಳೆಯುಳಿಕೆಯ ಮೂಳೆ ನೋಡಿ ಅಳಿದುಹೋದ ಪ್ರಾಣಿಯ ಚಿತ್ರ ಬಿಡಿಸಬೇಕೆ? ಡೈನೋಸಾರ್ ಬಿಡಿಸುವವರು ಬೇಕಾದಷ್ಟು ಜನ ಇದ್ದಾರೆ. ನೀವು ಹೆಚ್ಚಿನವರು ಹೆಸರೇ ಕೇಳಿರದ ಪ್ರಾಣಿ ಹಿಡಿಯಿರಿ. ಮುಂಬೈಯವರು ದೂರ ಹುಡುಕಬೇಕಿಲ್ಲ. ನಮ್ಮ ವರ್ಲಿ ಗುಡ್ಡದ ಕಲ್ಲಿನಲ್ಲೇ ಪುಟ್ಟ ಕಪ್ಪೆಯ ಪಳೆಯುಳಿಕೆ ಸಿಕ್ಕಿತ್ತು. 1847ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ ಅದಕ್ಕೆ ಹೆಸರಿಟ್ಟರು, ಈಗ ಅದು ಇಂಡೋಬಟ್ರಾಕಸ್.

ಕೈ ಪಳಗಿಸಲು ಮಾತ್ರ ಇಂಡೋಹ್ಯೂಸ್ ಎಂಬ ಅಳಿದುಹೋದ ಪ್ರಾಣಿ ಒಳ್ಳೆಯದು. ಜಮ್ಮುವಿನ ಕಾಲಾಕೋಟ್ ಕಡೆ ಸಿಕ್ಕಿದ್ದು. ಸುಮಾರು 4.8 ಕೋಟಿ ವರ್ಷ ಹಳೆಯದು, ಬೆಕ್ಕಿನಷ್ಟು ದೊಡ್ಡದು, ಕಾಲಿಗೆ ಗೊರಸು. ತಿಮಿಂಗಿಲಕ್ಕೆ ಹತ್ತಿರದ ನೆಂಟ!

ಮೊದಲು ಓದಿ. ಇಂಡೋಹ್ಯೂಸ್ ಕುರಿತ 2007ರ ಸಂಶೋಧನಾ ಲೇಖನದಲ್ಲಿರುವ ಅಸ್ಥಿಪಂಜರ ಒಂದೇ ಪ್ರಾಣಿಯದ್ದಲ್ಲ, ಹಲವು ಪ್ರಾಣಿಗಳ ಮೂಳೆ ಸೇರಿಸಿದ್ದು. ಎಐ ಚಿತ್ರ, ಪ್ಲಾಸ್ಟಿಕ್ ಆಟಿಕೆ ನೋಡಿ ಬಿಡಿಸಲೇಬೇಡಿ, ಎಷ್ಟೋ ಸಲ ಬೆರಳುಗಳ ಲೆಕ್ಕವೇ ತಪ್ಪಿರುತ್ತದೆ.

ಲೇಖನದ ಚಿತ್ರದಲ್ಲಿರುವ ಅಳತೆ ಪಟ್ಟಿ (ನಿಜವಾದ ಗಾತ್ರ ತಿಳಿಸುವ ಗೆರೆ) ನೋಡಿ, ಚೌಕ ಹಾಕಿ, ಅಸ್ಥಿಪಂಜರವನ್ನು ಪೆನ್ಸಿಲ್‌ನಲ್ಲಿ ಇಳಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಮೂಳೆಯ ಅಂಚಿಗೇ ಗೆರೆ ಎಳೆದು ಚರ್ಮ ಅಂಟಿಸಿಬಿಡುತ್ತಾರೆ. ಆಗ ಪ್ರಾಣಿ ಬರಗಾಲದಲ್ಲಿ ಸತ್ತಂತೆ ಕಾಣುತ್ತದೆ. ಬಕ್ರೀದ್‌ಗೆ ಮುಂಚೆ ದೇವನಾರ್ ಸಂತೆಗೆ ಹೋಗಿ, ಮೇಕೆಯ ಹಿಂಗಾಲನ್ನು ಹತ್ತಿರದಿಂದ ನೋಡಿ. ಹಿಂದಕ್ಕೆ ಬಾಗಿದ ಗಂಟು ಮೊಣಕಾಲು ಅಂದುಕೊಂಡಿರಾ? ಅದು ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕ, ಮಾಂಸದಲ್ಲಿ ಹುದುಗಿರುತ್ತದೆ. ಮೇಕೆ ಹೆಜ್ಜೆ ಇಟ್ಟಾಗ ಅಲ್ಲಿ ಚರ್ಮ ಮಡಿಚಿಕೊಳ್ಳುವುದು ಕಾಣುತ್ತದೆ. ಇಂಡೋಹ್ಯೂಸ್‌ಗೂ ತೊಡೆಯನ್ನು ಹಾಗೇ ತುಂಬಿಸಿ. ಕತ್ತು ದಪ್ಪ ಮಾಡಿ. ಪಕ್ಕೆಲುಬು ಎಣಿಸುವಂತೆ ಕಾಣಬಾರದು. ಮೂಳೆಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮೊದಲು ಸ್ನಾಯು, ಅದರ ಮೇಲೆ ಇನ್ನೊಂದು ಹಾಳೆಯಲ್ಲಿ ಚರ್ಮ. ಹಾಳೆ ಉಳಿಸಲು ಹೋಗಿ ಎರಡನ್ನೂ ಒಂದರಲ್ಲೇ ಬಿಡಿಸಬೇಡಿ.

ಭಂಗಿಯನ್ನೂ ಮೂಳೆಯೇ ಹೇಳುತ್ತದೆ. ಇದರ ಕಾಲಿನ ಮೂಳೆಯ ಗೋಡೆ ದಪ್ಪ, ತೂಕ ಜಾಸ್ತಿ. ನೀರಿನಲ್ಲಿ ತೇಲದೆ ತಳದಲ್ಲಿ ನಡೆಯಲು ಅನುಕೂಲ. ಹಾಗಾಗಿ ಹೊಳೆಯಲ್ಲೇ ನಿಲ್ಲಿಸಿ, ಸುಮ್ನೆ ಹುಲ್ಲುಗಾವಲು ಬೇಡ. ನಮ್ಮ ಕರಾವಳಿಯವರು ಬರಿಂಕ (ಮೌಸ್ ಡಿಯರ್) ಅಂತಾರಲ್ವಾ, ಆ ಪುಟ್ಟ ಪ್ರಾಣಿಯ ಆಫ್ರಿಕಾದ ನೆಂಟನೊಂದು (ವಾಟರ್ ಶೆವ್ರೊಟೇನ್) ಅಪಾಯ ಕಂಡರೆ ನೀರಿಗೆ ಧುಮುಕುತ್ತದೆ. ಅದರ ವಿಡಿಯೋ ನೋಡಿ ಭಂಗಿ ಆರಿಸಿ.

ಬಣ್ಣಕ್ಕೆ ಜಲವರ್ಣ ಸಾಕು. ಮಕ್ಕಳ ಸ್ಕೆಚ್ ಪೆನ್ ಬೇಡ, ತೆಳು ಹಾಳೆಯೂ ಬೇಡ, ಮಳೆಗಾಲದ ತೇವಕ್ಕೆ ಸುರುಳಿಯಾಗುತ್ತದೆ. ಮೈಬಣ್ಣ ಮೂಳೆಯಿಂದ ತಿಳಿಯದು. ಆದ್ದರಿಂದ ಚಿತ್ರದ ಕೆಳಗೆ ಅಳತೆ ಪಟ್ಟಿ ಹಾಕಿ, ‘ಬಣ್ಣ, ರೋಮ ಊಹೆ’ ಎಂದು ಬರೆಯಿರಿ.