ಗಟ್ಟಿ ಕಾಳು ಮೆತ್ತಗೆ ಬೇಯಬೇಕಾದರೆ

ಒಮ್ಮೆ ರಾಜ್ಮಾ ಅರೆಬೆಂದು ಎಲ್ಲರ ತಟ್ಟೆಯಲ್ಲೂ ಉಳಿದುಬಿಟ್ಟರೆ, ಮುಂದಿನ ಸಲ ಕಾಳಿನ ಡಬ್ಬಿಗೆ ಕೈ ಹಾಕಲು ಮನಸ್ಸೇ ಬರುವುದಿಲ್ಲ, ಅಲ್ವಾ? ಹಾಗಂತ ಕೈಬಿಡಬೇಡಿ. ಕಾಳು ಬೇಯುವುದು ಅದೃಷ್ಟದ ಮಾತಲ್ಲ. ನೀರು, ಉಪ್ಪು, ಹುಳಿ ಈ ಮೂರು ಯಾವಾಗ ಸೇರಬೇಕು ಅನ್ನುವುದು ಗೊತ್ತಿದ್ದರೆ ಎಂಥ ಕಾಳಾದರೂ ಬೆಣ್ಣೆಯ ಹಾಗೆ ಬೇಯುತ್ತದೆ.

ಆರಿಸಿ, ತೊಳೆದು, ನೆನೆಹಾಕಿ

ಅಗಲವಾದ ತಟ್ಟೆಗೆ ಕಾಳು ಸುರಿದು ಕಲ್ಲು, ಹುಳು ಕೊರೆದದ್ದು, ಸುಕ್ಕಾದದ್ದು ಎಲ್ಲ ತೆಗೆಯಿರಿ. ಎರಡು ಮೂರು ಸಲ ತೊಳೆಯಿರಿ.

ಮಸೂರ್ ಬೇಳೆ, ಹೆಸರುಬೇಳೆ ನೆನೆಯಲೇಬೇಕು ಅಂತಿಲ್ಲ. ತೊಗರಿಬೇಳೆ, ಕಡಲೆಬೇಳೆಗೆ ಅರ್ಧ ಗಂಟೆ ಸಾಕು. ಇಡಿಯಾದ ಕಡಲೆ, ರಾಜ್ಮಾ, ಒಣಬಟಾಣಿಗೆ ಮಾತ್ರ 8ರಿಂದ 12 ಗಂಟೆ ಬೇಕು. ಒಂದು ಕಪ್ ಕಾಳಿಗೆ ಮೂರು ನಾಲ್ಕು ಕಪ್ ನೀರು ಹಾಕಿ. ಕಾಳು ಉಬ್ಬಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಹಾಗಾಗಿ ಪಾತ್ರೆ ದೊಡ್ಡದಿರಲಿ. ಸೆಕೆ ಜಾಸ್ತಿ ಇದ್ದರೆ ಫ್ರಿಜ್‌ನಲ್ಲೇ ನೆನೆಸಿ. ಹೊರಗಿಟ್ಟರೆ ನೀರು ಹುಳಿ ವಾಸನೆ ಹೊಡೆಯುತ್ತದೆ.

ನೆನೆಹಾಕಿ ಒಂದೆರಡು ಗಂಟೆಯಾದ ಮೇಲೆ ಒಂದು ಕಾಳನ್ನು ಕೈಗೆ ತೆಗೆದುಕೊಂಡು ನೋಡಿ. ಸಿಪ್ಪೆ ಸುಕ್ಕುಸುಕ್ಕಾಗಿ ಎದ್ದಿರುತ್ತದೆ, ಒಳಗೆ ಇನ್ನೂ ಕಲ್ಲು. ಮೊದಲು ನೀರು ಕುಡಿಯುವುದು ಸಿಪ್ಪೆ. ಒಳಗಿನ ತಿರುಳು ಉಬ್ಬಿದ ಮೇಲೆ ಆ ಸುಕ್ಕೆಲ್ಲ ಬಿಗಿದು ಕಾಳು ನುಣ್ಣಗಾಗುತ್ತದೆ. ಆಗ ಚಾಕುವಿನಿಂದ ಒಂದನ್ನು ಎರಡು ಹೋಳು ಮಾಡಿ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನಷ್ಟು ಹೊತ್ತು ನೆನೆಯಬೇಕು. ಗಡಿಯಾರಕ್ಕಿಂತ ಈ ಪರೀಕ್ಷೆಯನ್ನೇ ನಂಬಿ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ನೆನೆಸುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚದಂತೆ ಉಪ್ಪು ಹಾಕಿ ನೋಡಿ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತರೆ ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದೂ ಕಡಿಮೆ. ಬೇಯಿಸುವ ಮೊದಲು ಆ ನೀರು ಚೆಲ್ಲಿ, ಕಾಳನ್ನು ಇನ್ನೊಮ್ಮೆ ತೊಳೆಯಿರಿ.

ರಾತ್ರಿ ನೆನೆಹಾಕಲು ಮರೆತುಹೋಯಿತೇ? ರಾಜ್ಮಾ ಬಿಟ್ಟು ಬೇರೆ ಕಾಳಾದರೆ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಒಂದು ಗಂಟೆ ಮುಚ್ಚಿಡಿ. ಕೆಲಸ ನಡೆಯುತ್ತದೆ.

ರಾಜ್ಮಾ ವಿಷಯದಲ್ಲಿ ಹುಷಾರು

ಹಸಿ ರಾಜ್ಮಾದಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ, ಲೆಕ್ಟಿನ್ ಜಾತಿಯ ಒಂದು ವಿಷ ಇರುತ್ತದೆ. ಅರೆಬೆಂದದ್ದು ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. 10 ನಿಮಿಷವಾದರೂ ಹಾಗೆ ಕುದಿಯಲೇಬೇಕು. ಮಕ್ಕಳಿರುವ ಮನೆಯಲ್ಲಿ 30 ನಿಮಿಷ ಕುದಿಸಿ ಅಂತಲೇ ನಾನು ಹೇಳುತ್ತೇನೆ. ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾವನ್ನು ನೇರವಾಗಿ ಹಾಕಲೇಬೇಡಿ. ಸಾಲದ ಬಿಸಿಯಲ್ಲಿ ಆ ವಿಷ ಹೋಗುವ ಬದಲು ಇನ್ನೂ ಜಾಸ್ತಿಯಾಗಬಹುದು.

ಒಲೆಯ ಮೇಲೆ

ಕುಕ್ಕರ್‌ನಲ್ಲಿ ಕಾಳು, ನೀರು ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು. ನೊರೆ ಎದ್ದು ವಾಲ್ವ್ ಕಟ್ಟಿಕೊಂಡರೆ ಅಪಾಯ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಇಳಿಯುತ್ತದೆ. ನೆನೆದ ಕಡಲೆಗೆ ಪ್ರೆಶರ್ ಬಂದ ಮೇಲೆ ಸಣ್ಣ ಉರಿಯಲ್ಲಿ ಸುಮಾರು 20 ನಿಮಿಷ ಬೇಕು. ತೆರೆದ ಪಾತ್ರೆಯಲ್ಲಾದರೆ ಒಂದರಿಂದ ಒಂದೂವರೆ ಗಂಟೆ. ಮಸೂರ್ ಬೇಳೆ 15–20 ನಿಮಿಷದಲ್ಲಿ ಕರಗಿಬಿಡುತ್ತದೆ. ಕುಕ್ಕರ್ ತಾನಾಗಿ ತಣ್ಣಗಾಗಲಿ. ಅವಸರದಲ್ಲಿ ಪ್ರೆಶರ್ ಬಿಟ್ಟರೆ ಕಾಳು ಒಡೆದು ಸಿಪ್ಪೆಯೇ ಬೇರೆಯಾಗುತ್ತದೆ.

ಟೊಮೆಟೊ, ಹುಣಸೆಹುಳಿ, ನಿಂಬೆರಸ, ವಿನೆಗರ್ ಯಾವುದೇ ಇರಲಿ, ಹುಳಿಯೆಲ್ಲ ಕೊನೆಗೆ. ಇದೊಂದು ನೆನಪಿಟ್ಟುಕೊಂಡರೆ ಅರ್ಧ ಗೆದ್ದಂತೆ. ಬೇಯುವ ಮೊದಲೇ ಹುಳಿ ಬಿದ್ದರೆ ಕಾಳಿನ ನಾರು ಬಿಗಿದುಕೊಳ್ಳುತ್ತದೆ. ಆಮೇಲೆ ಗಂಟೆಗಟ್ಟಲೆ ಕುದಿಸಿದರೂ ಗಟ್ಟಿಯಾಗೇ ಇರುತ್ತದೆ. ಗಡುಸು ನೀರು ಕೂಡ ಹೀಗೇ ಕಾಡಿಸುತ್ತದೆ. ಅಂಥ ಕಡೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು, ಅದಕ್ಕಿಂತ ಜಾಸ್ತಿ ಬೇಡ. ಸೋಡಾ ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಬಿ1 ವಿಟಮಿನ್ ಕೂಡ ಹಾಳಾಗುತ್ತದೆ. ಇಷ್ಟೆಲ್ಲ ಮಾಡಿಯೂ ಬೇಯದಿದ್ದರೆ ಕಾಳು ತುಂಬಾ ಹಳೆಯದಿರಬೇಕು. ಸೆಕೆ, ತೇವ ಇರುವ ಜಾಗದಲ್ಲಿ ಬಹಳ ದಿನ ಇಟ್ಟ ಕಾಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿ ಉಳಿಯುತ್ತದೆ.

ಬೆಂದಿದೆಯೋ ಇಲ್ಲವೋ ಅಂತ ನೋಡಲು ಒಂದೇ ಕಾಳು ಸಾಲದು. ಪಾತ್ರೆಯ ಬೇರೆಬೇರೆ ಕಡೆಯಿಂದ ಐದು ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ. ಐದೂ ತರಿತರಿ ಇಲ್ಲದೆ ನುಣ್ಣಗೆ ಹಿಸುಕಿ ಹೋಗಬೇಕು. ಒಂದು ತಡೆದರೂ ಮತ್ತೆ ಒಲೆಗೆ ಇಡಿ.

ಮನೆಮಂದಿಗೆಲ್ಲ ಒಗ್ಗುವಂತೆ

ಹೊಟ್ಟೆ ಉಬ್ಬರಿಸುತ್ತದೆ ಅಂತ ಕಾಳನ್ನೇ ಬಿಡುವವರಿದ್ದಾರೆ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದಾಗ ಗ್ಯಾಸ್ ಆಗುತ್ತದೆ. ನೆನೆಸಿದ ನೀರು ಚೆಲ್ಲಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ರೂಢಿ ಇಲ್ಲದವರು ಬೇಳೆಯಿಂದ ಶುರು ಮಾಡಿ, ದಿನಕ್ಕೆ ಒಂದೆರಡು ಚಮಚ ಸಾಕು. ಹೊಟ್ಟೆಗೆ ಒಗ್ಗಿದಂತೆ ಜಾಸ್ತಿ ಮಾಡಿ. ಸಣ್ಣ ಮಕ್ಕಳಿಗೆ ಇಡಿ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಚೆನ್ನಾಗಿ ಹಿಸುಕಿ ಕೊಡಿ.

ಕಾಳಿನ ಜೊತೆ ಅನ್ನ, ಗೋಧಿ, ಜೋಳ ಹೀಗೆ ಯಾವುದಾದರೂ ಧಾನ್ಯ ಇರಲಿ. ಲೈಸಿನ್, ಮೆಥಿಯೋನಿನ್ ಎರಡೂ ಪ್ರೋಟೀನಿನ ಘಟಕಗಳು. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಬಡಿಸುವಾಗ ನಿಂಬೆ ಹಿಂಡಿದರೆ ಅದರ ಸಿ ವಿಟಮಿನ್‌ನಿಂದ ಕಾಳಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಬಿಡುವಿರುವ ದಿನ ಎರಡು ಪಟ್ಟು ಬೇಯಿಸಿಡಿ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ಇನ್ನೂ ಹೆಚ್ಚು ದಿನ ಬೇಕಾದರೆ ಫ್ರೀಜರ್‌ಗೆ ಹಾಕಿ. ಒಂದು ಹೊತ್ತಿಗೆ ಬೇಕಾಗುವಷ್ಟನ್ನೇ ಒಂದೊಂದು ಡಬ್ಬಿಗೆ ತುಂಬಿ, ಬೆಂದ ನೀರನ್ನೂ ಜೊತೆಗೇ ಹಾಕಿ, ಕಾಳು ಒಣಗುವುದಿಲ್ಲ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ಹೆಪ್ಪುಗಟ್ಟಿದಾಗ ನೀರು ಹಿಗ್ಗುತ್ತದೆ.