ಮಿಷಿಗನ್ ಹಿತ್ತಲಲ್ಲಿ 250 ಬೆಣ್ಣೆ ದೋಸೆ

"ನೂರು ಜನಕ್ಕೆ ಬಿಸಿ ದೋಸೆನಾ? ತಲೆ ಕೆಟ್ಟಿದೆಯಾ ನಿನಗೆ? ಹೊರಗಿನಿಂದ ಟ್ರೇಗಳಲ್ಲಿ ಊಟ ತರಿಸಿ ಮುಗಿಸು." ಏಪ್ರಿಲ್‌ನಲ್ಲಿ, ಮಗಳ ಹೈಸ್ಕೂಲ್ ಮುಗಿಯುವ ಪಾರ್ಟಿಗೆ ಬೆಣ್ಣೆ ದೋಸೆ ಹಾಕುತ್ತೇನೆ ಅಂದಾಗ ಕನ್ನಡ ಕೂಟದ ಗೆಳೆಯರೆಲ್ಲ ಹೇಳಿದ್ದು ಇದೇ. ಹೆಂಡತಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಗುಟ್ಟಾಗಿ ಕೇಟರಿಂಗ್‌ನವರ ರೇಟು ಕೇಳಿಟ್ಟಿದ್ದಳು. ತಲೆಗೆ 19 ಡಾಲರ್!

ನಾನು ದಾವಣಗೆರೆಯವನು. ಈಗ ಇರುವುದು ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಮಗಳ ಹೈಸ್ಕೂಲ್ ಮುಗಿಯಿತು, ಜೂನ್‌ನ ಒಂದು ಶನಿವಾರ ಓಪನ್ ಹೌಸ್. ಇಲ್ಲಿ ಹಾಗಂದರೆ ಹೈಸ್ಕೂಲ್ ಮುಗಿಸಿದ ಮಕ್ಕಳ ಮನೆಯಲ್ಲಿ ಮಾಡುವ ಪಾರ್ಟಿ. 2ರಿಂದ 5ರವರೆಗೆ ಅಂತ ಕಾರ್ಡಿನಲ್ಲಿ ಹಾಕಿದರೆ ಜನ ಬರುತ್ತಾ ಹೋಗುತ್ತಾ ಇರುತ್ತಾರೆ. ಅದೇ ದಿನ ಇನ್ನೂ ನಾಲ್ಕು ಮನೆಯಲ್ಲಿ ಪಾರ್ಟಿ ಇರುತ್ತದೆ. ನನ್ನ ಲೆಕ್ಕ ನಿಂತಿದ್ದೇ ಇದರ ಮೇಲೆ. ನೂರು ಜನ ಒಟ್ಟಿಗೆ ಕೂತರೆ ದೋಸೆ ಆಗಲ್ಲ. ಹತ್ತತ್ತು ಜನ ಬಂದರೆ ಯಾಕೆ ಆಗಲ್ಲ?

36 ಇಂಚಿನ ಗ್ಯಾಸ್ ಕಾವಲಿ ನನ್ನ ಹತ್ತಿರ ಇತ್ತು. ಮೊದಲ ಪ್ರಯೋಗದಲ್ಲಿ ಹಿಟ್ಟು ಸೌಟಿಗೇ ಅಂಟಿಕೊಂಡು ಎದ್ದು ಬಂತು. ನಾಲ್ಕೂ ಬರ್ನರ್ ಜೋರಾಗಿ ಉರಿಸಿದ್ದು ತಪ್ಪು. ಎರಡನೇ ಸಲ ಗಾಳಿ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಹಳೇ ಬೇಕಿಂಗ್ ಶೀಟುಗಳನ್ನು ಗಾಳಿಗೆ ಅಡ್ಡ ಕಟ್ಟಿದ ಮೇಲೆ ಸರಿಹೋಯಿತು. ಹಿಟ್ಟು ಹಾಕುವಾಗ ಕಾವಲಿ 350 ಫ್ಯಾರನ್‌ಹೀಟ್ ಆಸುಪಾಸು ಇರಬೇಕು, ಆಮೇಲೆ ಉರಿ ಏರಿಸಬೇಕು. ಪ್ರತಿ ಸರದಿಗೂ ನೀರು ಚಿಮುಕಿಸಿ ಅರ್ಧ ಈರುಳ್ಳಿಯಲ್ಲಿ ಉಜ್ಜುವುದು ಎಲ್ಲರಿಗೂ ಗೊತ್ತು. ನಾನು ಈರುಳ್ಳಿಯನ್ನು ಯಾವುದರಲ್ಲಿ ಅದ್ದುತ್ತಿದ್ದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ.

ದೊಡ್ಡ ಅನಾಹುತ ಆಗಿದ್ದು ಹಿಟ್ಟಿನಲ್ಲಿ. ಮೇ ತಿಂಗಳಲ್ಲೂ ಇಲ್ಲಿ ರಾತ್ರಿ ಚಳಿ. ಹಿಟ್ಟು ಹುದುಗಲಿ ಅಂತ ಮಾಮೂಲಿಯಂತೆ ಓವನ್‌ನೊಳಗೆ ಲೈಟ್ ಹಾಕಿ ಇಟ್ಟಿದ್ದೆ. ಮಗ ಪಿಜ್ಜಾಗೆ ಅಂತ ಓವನ್ ಹಚ್ಚಿಬಿಟ್ಟ! ಪ್ಲಾಸ್ಟಿಕ್ ಡಬ್ಬಿ ಕರಗಿ, ಹಿಟ್ಟು ಅರ್ಧ ಇಡ್ಲಿಯಾಗಿ, ಮನೆಯೆಲ್ಲ ಎರಡು ದಿನ ನಾತ. ಹೊಸ ಡಬ್ಬಿ, ಅಕ್ಕಿ, ಬೇಳೆ ಎಲ್ಲ ಸೇರಿ 40 ಡಾಲರ್ ಹೋಯಿತು. ಆಮೇಲೆ ಹೊಳೆದಿದ್ದು ಐಸ್ ಕೂಲರ್. ತಣ್ಣಗಿಡುವ ಡಬ್ಬ ಬೆಚ್ಚಗೂ ಇಡುತ್ತದೆ ಅಲ್ವಾ? ಹಿಟ್ಟಿನ ಪಾತ್ರೆಗಳ ಪಕ್ಕ ಬಿಸಿನೀರಿನ ಬಾಟಲ್ ಇಟ್ಟು ಮುಚ್ಚಿದೆ. ಬೆಳಿಗ್ಗೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿಕೊಂಡಿತ್ತು.

ಪಾರ್ಟಿಗೆ ಸುಮಾರು 14 ಪೌಂಡ್ ಅಕ್ಕಿ, ಮೂರೂವರೆ ಪೌಂಡ್ ಉದ್ದು, ಎರಡು ಪ್ಯಾಕೆಟ್ ಮಂಡಕ್ಕಿ. ಎರಡು ಲೀಟರ್ ಗ್ರೈಂಡರ್‌ನಲ್ಲಿ ಏಳೋ ಎಂಟೋ ಸಲ ರುಬ್ಬಿದೆ. ಗುರುವಾರ ರಾತ್ರಿ ಒಂದು ಗಂಟೆಯಾಯಿತು.

ಬೆಣ್ಣೆಯದ್ದು ಇನ್ನೊಂದು ಹುಚ್ಚು. ಅಂಗಡಿ ಬೆಣ್ಣೆ ನನಗೆ ಸಪ್ಪೆ ಅನಿಸುತ್ತದೆ. ಹೆವಿ ಕ್ರೀಮ್‌ಗೆ ಮೊಸರು ಹಾಕಿ ಒಂದು ರಾತ್ರಿ ಬಿಟ್ಟು ಮಿಕ್ಸರ್‌ನಲ್ಲಿ ಕಡೆದೆ. ಊರಿನ ಹುಳಿವಾಸನೆ ಬಂತು, ಮಜ್ಜಿಗೆ ಗೋಡೆಗೆಲ್ಲ ಸಿಡಿಯಿತು. ಆದರೆ ಖರ್ಚು ದುಪ್ಪಟ್ಟು. ಕೊನೆಗೆ ಅರ್ಧ ಅದು, ಅರ್ಧ ಅಂಗಡಿಯದು. ಯಾರಿಗೂ ಗೊತ್ತಾಗಲಿಲ್ಲ.

ಪಾರ್ಟಿ ದಿನ ಮೂರೂವರೆಗೆ ಗ್ಯಾಸ್ ಖಾಲಿ. ಲೈನಿನಲ್ಲಿ ಇಪ್ಪತ್ತು ಜನ. ಪಕ್ಕದ ಮನೆಯವರು ತಮ್ಮ ಗ್ರಿಲ್‌ನಿಂದ ಸಿಲಿಂಡರ್ ಬಿಚ್ಚಿ ಬೇಲಿ ಮೇಲಿಂದ ಕೊಟ್ಟರು. ಪ್ರತಿಯಾಗಿ ಆರು ದೋಸೆ ತಿಂದರು. ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯವನ್ನು ಮಗಳ ಅಮೆರಿಕನ್ ಗೆಳತಿಯರು ಮ್ಯಾಶ್ಡ್ ಪೊಟ್ಯಾಟೊ ಅಂದುಕೊಂಡು ಎರಡೆರಡು ಸಲ ಹಾಕಿಸಿಕೊಂಡರು. ಒಟ್ಟು 250 ದೋಸೆ ದಾಟಿತು. ಟೆಂಟ್ ಬಾಡಿಗೆ 350, ದಿನಸಿ 300ರ ಹತ್ತಿರ, ಕೇಕು, ಜ್ಯೂಸು, ತಟ್ಟೆ ಎಲ್ಲ ಸೇರಿ 900 ಒಳಗೆ ಮುಗಿಯಿತು. ಕೇಟರಿಂಗ್ ಆಗಿದ್ದರೆ ಬರೀ ಊಟಕ್ಕೇ 1900.

ಇನ್ನು ಗಿಫ್ಟು. ಆ ಬೇಸಿಗೆಯಲ್ಲಿ ನಾವೂ ಏಳು ಮನೆಯ ಓಪನ್ ಹೌಸ್‌ಗೆ ಹೋಗಬೇಕಿತ್ತು. ಹಿಂದಿನ ವರ್ಷಗಳಲ್ಲಿ ನಾನು ಕೊಟ್ಟಿದ್ದೆಲ್ಲ ದಂಡ. ಒಬ್ಬನಿಗೆ ರೈಸ್ ಕುಕ್ಕರ್ ಕೊಟ್ಟೆ. ಡಾರ್ಮ್‌ನಲ್ಲಿ, ಅಂದರೆ ಕಾಲೇಜು ಹಾಸ್ಟೆಲ್‌ನಲ್ಲಿ, ಬಿಡಲಿಲ್ಲ, ವಾಪಸ್ ಬಂತು. ಒಬ್ಬಳಿಗೆ ಹಾಸಿಗೆ ಬೆಡ್‌ಶೀಟ್ ಕೊಟ್ಟೆ, ಅಳತೆ ತಪ್ಪು. ಡಾರ್ಮ್ ಮಂಚ ಸಾಮಾನ್ಯವಾಗಿ ಟ್ವಿನ್ ಎಕ್ಸ್‌ಎಲ್ (ಉದ್ದನೆಯ ಸಿಂಗಲ್ ಮಂಚ), 80 ಇಂಚು ಉದ್ದ. ಮಾಮೂಲಿ ಟ್ವಿನ್ 75. ಇನ್ನೊಬ್ಬನಿಗೆ 101 ಡಾಲರ್ ಚೆಕ್‌ನಲ್ಲಿ "ಚಿನ್ನು" ಅಂತ ಬರೆದಿದ್ದೆ. ನಮಗೆ ಗೊತ್ತಿದ್ದ ಹೆಸರೇ ಅದು. ಬ್ಯಾಂಕಿನವರು ತೆಗೆದುಕೊಳ್ಳಲಿಲ್ಲ.

ಈ ಸಲ ಎಲ್ಲರಿಗೂ ಒಂದೇ ಲೆಕ್ಕ. ಕವರ್‌ನಲ್ಲಿ 51 ಡಾಲರ್ ನಗದು, ಸರಿಯಾದ ಅಳತೆಯ ಬೆಡ್‌ಶೀಟ್, ಅಮ್ಮನ ಅಳತೆಯಲ್ಲಿ ಕುಟ್ಟಿದ ಒಂದು ಬಾಟಲ್ ಶೇಂಗಾ ಚಟ್ನಿಪುಡಿ. ತಲೆಗೆ 80 ಡಾಲರ್ ಬಿತ್ತು. ಸೆಪ್ಟೆಂಬರ್‌ನಲ್ಲಿ ಮೂರು ಮಕ್ಕಳು ಮೆಸೇಜ್ ಮಾಡಿದರು, "ಅಂಕಲ್, ಆ ಪುಡಿ ಇನ್ನೂ ಇದೆಯಾ?" ಬೆಡ್‌ಶೀಟ್ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಒಂದು ತಪ್ಪು ಹೇಳಿಬಿಡುತ್ತೇನೆ. ಪಾರ್ಟಿ ರಾತ್ರಿ ಸುಸ್ತಾಗಿ ಕಾವಲಿ ಮುಚ್ಚದೆ ಮಲಗಿದೆ. ಬೆಳಿಗ್ಗೆ ಇಬ್ಬನಿ ಬಿದ್ದು ತುಕ್ಕು. ಭಾನುವಾರ ಪೂರ್ತಿ ಉಜ್ಜಿ, ಎಣ್ಣೆ ಸವರಿ ಮತ್ತೆ ಪಳಗಿಸಿದೆ. ಉಳಿದ ಹಿಟ್ಟಿಗೆ ಹೆಂಡತಿ ಪಡ್ಡು ಹಾಕಿದಳು. ಕೇಟರಿಂಗ್ ರೇಟಿನ ಚೀಟಿ ಇನ್ನೂ ಫ್ರಿಜ್ ಮೇಲೆ ಅಂಟಿಕೊಂಡಿತ್ತು, ಅದನ್ನು ನಾನೇ ಕಿತ್ತೆ.