ಆರು ಗಂಟೆ ದಾರಿಗೆ ಮೂರು ದಿನ

ಬೆಂಗಳೂರಿಂದ ಶಿವಮೊಗ್ಗಕ್ಕೆ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಅಂತ ಹೈವೇ ಹಿಡಿದ್ರೆ ಹೆಚ್ಚುಕಮ್ಮಿ 300 ಕಿಮೀ, ಬೆಳಗ್ಗೆ ಬೇಗ ಬಿಟ್ರೆ ಮಧ್ಯಾಹ್ನ ಊಟಕ್ಕೆ ಅಕ್ಕನ ಮನೆ. ಹತ್ತು ವರ್ಷದಿಂದ ಹಂಗೇ ಹೋಗ್ತಿದ್ದೆ, ಆದ್ರೆ ದಾರೀಲಿ ಏನ್ ನೋಡ್ದೆ ಅಂತ ಕೇಳಿದ್ರೆ ಟೋಲ್ ಬಿಟ್ಟು ಬೇರೇನೂ ಹೇಳೋಕೆ ಬರ್ತಿರಲಿಲ್ಲ. ಹೋದ ಜನವರೀಲಿ ಸಂಕ್ರಾಂತಿ ಮುಗಿದ್ಮೇಲೆ ಸ್ವಲ್ಪ ರಜ ಉಳ್ದಿತ್ತು, ಹೆಂಡ್ತಿ ಮಕ್ಳು ತವರಿಗೆ ಹೋಗಿದ್ರು, ಸರಿ ಅಂತ ಹಳೇ ಆಲ್ಟೊ ತಗೊಂಡು ಒಬ್ಬನೇ ಮಾಗಡಿ ರೋಡಲ್ಲಿ ಹೊರಟುಬಿಟ್ಟೆ.

ಮ್ಯಾಪಲ್ಲಿ ಹೈವೇ ಬೇಡ ಅಂತ ಆಯ್ಕೆ ಹಾಕಿದ್ರೂ ಅದು ಹೇಗಾದ್ರೂ ಮಾಡಿ ಬೇಗ ತಲುಪಿಸೋಕೇ ನೋಡತ್ತೆ. ಅದಕ್ಕೆ ನಾನು ಮಧ್ಯದ ಊರುಗಳನ್ನ ಒಂದೊಂದಾಗಿ ಹಾಕ್ಕೊಂಡೆ, ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಶ್ರವಣಬೆಳಗೊಳ, ರಾತ್ರಿಗೆ ಚನ್ನರಾಯಪಟ್ಟಣ. ಎಲ್ಲಾದ್ರೂ ಅನುಮಾನ ಬಂದ್ರೆ ಟೀ ಅಂಗಡೀಲಿ "ಈ ಕಡೆ ಬಸ್ ಹೋಗುತ್ತಾ?" ಅಂತ ಕೇಳೋದು. ರಸ್ತೆ ಹೆಂಗಿದೆ ಅಂತ ಕೇಳಿದ್ರೆ ಎಲ್ರೂ ಸೂಪರ್ ಇದೆ ಅಂತಾರೆ, ಕೆಂಪು ಬಸ್ ಹೋಗುತ್ತೆ ಅಂದ್ರೆ ಮಾತ್ರ ನಂಬ್ತೀನಿ. ಟ್ಯಾಂಕ್ ಅರ್ಧಕ್ಕೆ ಇಳಿದ್ರೆ ಪೆಟ್ರೋಲ್, ಜೇಬಲ್ಲಿ ಚಿಲ್ಲರೆ, ಕತ್ತಲಾಗೋ ಮುಂಚೆ ರೂಮ್, ಅಷ್ಟೇ ತಯಾರಿ. ಕತ್ತಲಾದ್ಮೇಲೆ ಬಣ್ಣ ಹೋಗಿರೋ ಹಂಪು, ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರು, ಯಾರಿಗೆ ಬೇಕು.

ಮೊದಲನೇ ದಿನದ ಅರ್ಧ ಹೊತ್ತು ಆಫೀಸೇ ತಲೇಲಿತ್ತು, ಸುಳ್ಳು ಯಾಕೆ ಹೇಳಲಿ. ಹುಲಿಯೂರುದುರ್ಗದ ಆ ಬೋಳು ಬಂಡೆ ಬೆಟ್ಟ ಎದುರಿಗೆ ಬಂದ್ಮೇಲೆ ಗಾಜು ಇಳಿಸ್ದೆ, ಆಮೇಲೆ ಹಾಡೂ ಹಾಕಲಿಲ್ಲ. ನಾಗಮಂಗಲ ದಾಟಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದ್ರು, ನಾಲ್ಕು ಕಿಲೋಮೀಟ್ರು ಕೂರಿಸ್ಕೊಂಡು ಹೋಗಿದ್ದಕ್ಕೆ ಇಳೀವಾಗ ಸೀಟ್ ಮೇಲೆ ಎರಡು ಬೊಗಸೆ ಅವರೇಕಾಯಿ ಸುರಿದ್ರು. ಬೇಡ ಅಜ್ಜಿ ಅಂದ್ರೆ "ತಿನ್ನೋ ಮಗ, ನಮ್ಮ ಹೊಲದ್ದೇಯ" ಅಂತ ಬೈದ ಹಾಗೆ ಹೇಳಿ ಹೋದ್ರು. ಸೊಗಡಿನ ವಾಸನೆ ಮೂರು ದಿನ ಕಾರಲ್ಲಿತ್ತು.

ಎರಡನೇ ದಿನ ನುಗ್ಗೇಹಳ್ಳಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು, ಹೊಯ್ಸಳರ ಕಾಲದ್ದು, ನಾನು ಹೋದಾಗ ಇನ್ನೊಬ್ಬ ಇರಲಿಲ್ಲ. ಉತ್ತರದ ಗೋಡೆಯ ವಿಗ್ರಹಗಳು ಮಲ್ಲಿತಮ್ಮ ಅನ್ನೋ ಶಿಲ್ಪಿಯ ಕೆಲಸ, ದಕ್ಷಿಣದ್ದು ಬೈಚೋಜ ಅನ್ನೋ ಇನ್ನೊಬ್ಬ ಶಿಲ್ಪಿಯದ್ದು. ಒಬ್ಬನೇ ಇದ್ದಿದ್ದಕ್ಕೆ ಎರಡೂ ಗೋಡೆ ಮಧ್ಯೆ ನಾಲ್ಕೈದು ಸಲ ಓಡಾಡಿ ಇವನದ್ದು ಹೆಂಗೆ ಅವನದ್ದು ಹೆಂಗೆ ಅಂತ ನೋಡಿದ್ದು, ಜೊತೇಲಿ ಯಾರಾದ್ರೂ ಇದ್ದಿದ್ರೆ "ನಡೀರಿ ಹೊತ್ತಾಯ್ತು" ಗ್ಯಾರಂಟಿ.

ಅಲ್ಲಿಂದ ಗಂಡಸಿ ಕಡೆ ತೆಂಗಿನ ತೋಟಗಳ ಮಧ್ಯೆ ಬರ್ತಿದ್ದೆ, ರಸ್ತೆ ಪೂರ್ತಿ ಒಕ್ಕಣೆ. ರಾಗಿ ಮೇಲೆ ಹತ್ತಿಸ್ಕೊಂಡು ಬಂದಾಗ ಏನೂ ಆಗಿರಲಿಲ್ಲ, ಒಂದು ಕಡೆ ಹುರುಳಿ ಹಾಸಿದ್ರು, ನಾನು ಅದನ್ನೂ ಹಂಗೇ ದಾಟಿದೆ. ಸ್ವಲ್ಪ ದೂರಕ್ಕೆ ಕರಕಲು ವಾಸನೆ, ಕ್ಲಚ್ ಹೋಯ್ತೇನೋ ಅಂದ್ಕೊಂಡೆ. ಹಿಂದಿಂದ ಬೈಕಲ್ಲಿ ಬಂದ ಒಬ್ರು "ನಿಲ್ಸು ನಿಲ್ಸು, ಅಡೀಲಿ ಹೊಗೆ ಬತ್ತಾ ಐತೆ" ಅಂತ ಕೂಗಿದ್ರು. ಬಗ್ಗಿ ನೋಡಿದ್ರೆ ಹುರುಳಿ ಬಳ್ಳಿ ಆಕ್ಸಲ್‌ಗೆ ಹಗ್ಗ ಹೊಸೆದ ಹಾಗೆ ಸುತ್ಕೊಂಡು, ಸೈಲೆನ್ಸರ್‌ಗೆ ತಾಗಿರೋ ತುದಿ ಕಪ್ಪಾಗಿ ಹೊಗೆಯಾಡ್ತಿದೆ. ಹಿಂಗೇ ಕಾರು ಸುಟ್ಟುಹೋಗೋದೂ ಉಂಟು. ಎರಡು ಬಾಟ್ಲಿ ನೀರು ಸುರಿದ್ವಿ, ಅವರೇ ತೋಟದಿಂದ ಕುಡುಗೋಲು ತಂದು, ಟವೆಲ್ ಹಾಸಿ ಮಲಗಿ ಕುಯ್ದು ಕುಯ್ದು ಎಳೆದ್ರು. ಮುಕ್ಕಾಲು ಗಂಟೆ ಆಯ್ತು. ದುಡ್ಡು ಕೊಡೋಕೆ ಹೋದ್ರೆ ಮುಖ ಗಂಟು ಹಾಕ್ಕೊಂಡು, ಎಳನೀರು ಕೆತ್ತಿ ನನಗೇ ಕೊಟ್ರು. ಈಗ ಹುರುಳಿ ಕಂಡ್ರೆ ಇಳಿದು ಸ್ವಲ್ಪ ಸರಿಸೋಕೆ ಕೇಳ್ತೀನಿ, ದಾಟಿದ್ಮೇಲೂ ಬಗ್ಗಿ ನೋಡ್ತೀನಿ.

ಅರಸೀಕೆರೆ, ಬಾಣಾವರ, ಕಡೂರು ಸುಮ್ನೆ ದಾಟ್ಕೊಂಡು ಬಂದೆ, ತರೀಕೆರೆಲಿ ಮಲಗಿದೆ. ಬೆಳಗ್ಗೆ ಅಮೃತಾಪುರ, 1196ರ ಅಮೃತೇಶ್ವರ ದೇವಸ್ಥಾನ. ಮಲ್ಲಿತಮ್ಮ ಕೆಲಸ ಶುರು ಮಾಡಿದ್ದು ಇಲ್ಲಿನ ಮಂಟಪದಲ್ಲಿ ಅಂತಾರೆ. ಅಂದ್ರೆ ನಿನ್ನೆ ನೋಡಿದ್ದು ಐವತ್ತು ವರ್ಷ ಉಳಿ ಹಿಡಿದು ಪಳಗಿದ ಮುದುಕನ ಕೈ, ಇವತ್ತು ಅದೇ ಮನುಷ್ಯ ಹುಡುಗ! ಛಾವಣಿ ನೋಡ್ತಾ ಕತ್ತು ಹಿಡ್ಕೊಂಡ್ತು, ನೆಲದ ಮೇಲೇ ಮಲಗಿ ನೋಡಿದೆ, ಕೇಳೋರು ಯಾರೂ ಇರಲಿಲ್ಲ.

ಮಧ್ಯಾಹ್ನ ಅಕ್ಕನ ಮನೆ ಮುಂದೆ ನಿಲ್ಸಿದಾಗ ಮೀಟ್ರಲ್ಲಿ 370 ಚಿಲ್ಲರೆ. ಅಕ್ಕ "ಮೂರು ದಿನ ಎಲ್ಲಿ ಸತ್ತಿದ್ದೆ" ಅಂತ ಶುರು ಮಾಡಿದ್ಲು. ಭಾವ ಮಾತ್ರ ಕಾರಿನ ಹಿಂದೆ ಬಗ್ಗಿ, ಮೊಳದುದ್ದ ಒಣಗಿದ ಬಳ್ಳಿ ಎಳೆದು ಹಿಡ್ಕೊಂಡು, "ಏನಯ್ಯಾ, ಒಕ್ಕಣೆ ಮುಗಿಸ್ಕೊಂಡೇ ಬಂದ್ಯಾ?" ಅಂದ್ರು.